ಶಾಲೆಯ ಸಮಿತಿಯಲ್ಲಿ ಪಾಲಕರ ಕುರ್ಚಿ



ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ನಾವು ಏನೇನನ್ನು ವಿಚಾರಿಸುತ್ತೇವೆ? ಶುಲ್ಕ ಎಷ್ಟು, ಯಾವ ಮಾಧ್ಯಮ, ಬಸ್ಸು ಮನೆಯ ಹತ್ತಿರ ಬರುತ್ತದೆಯೇ, ಹತ್ತನೆಯ ತರಗತಿಯ ಫಲಿತಾಂಶ ಹೇಗಿದೆ. ಈ ಶಾಲೆಯ ಆಡಳಿತ ಮಂಡಳಿಯಲ್ಲಿ ಯಾರು ಯಾರಿದ್ದಾರೆ, ಅವರನ್ನು ಅಲ್ಲಿ ಕೂರಿಸಿದವರು ಯಾರು ಎಂದು ಕೇಳುವವರು ವಿರಳ. ಆದರೆ ಶುಲ್ಕವನ್ನೂ ಮಾಧ್ಯಮವನ್ನೂ ಶಿಕ್ಷಕರನ್ನೂ ನಿರ್ಧರಿಸುವುದು ಅದೇ ಮಂಡಳಿ. ಕಲಬುರಗಿ ನಗರದಲ್ಲಿಯೂ, ಅಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ ಕಮಲಾಪುರದಲ್ಲಿಯೂ ಈ ಮಂಡಳಿಯ ಕುರ್ಚಿಗಳು ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಯಾರಿಂದ ಯಾರಿಗೆ ದಾಟಿ ಬಂದವು ಎಂಬುದೇ ಒಂದು ಇತಿಹಾಸ. ಅದನ್ನು ನಿಮ್ಮೊಡನೆ ಸ್ವಲ್ಪ ಹಂಚಿಕೊಳ್ಳಬೇಕೆನಿಸುತ್ತದೆ.

ನಮ್ಮ ಭಾಗವು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಸರಕಾರದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಸರಕಾರಿ ಶಾಲೆಯ ಮೇಲೆ ಅಧಿಕಾರವಿದ್ದದ್ದು ಇಲಾಖೆಗೆ ಮತ್ತು ಅದರ ತನಿಖಾಧಿಕಾರಿಗಳಿಗೆ. ಊರಿನವರ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಇಂಥ ಕಾಲದಲ್ಲಿ, 1907ರಲ್ಲಿ, ಕಲಬುರಗಿಯಲ್ಲಿ ನೂತನ ವಿದ್ಯಾಲಯ ಹುಟ್ಟಿತು. ಮುಂದೆ 1922ರಲ್ಲಿ ರಾಯಚೂರಿನಲ್ಲಿ ಹಮದರ್ದ್ ಶಾಲೆ, ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಆರಂಭವಾದವು. ಇವು ಮೂರೂ ರಾಷ್ಟ್ರೀಯ ಶಾಲೆಗಳೆಂದು ಹೆಸರಾದವು. ಹೈದರಾಬಾದ್ ಕರ್ನಾಟಕದ ವಿಮೋಚನಾ ಹೋರಾಟದ ಕಥೆ ಹೇಳುವವರು ಇವುಗಳ ಹೆಸರನ್ನು ಬಿಡುವಂತಿಲ್ಲ. ಇವುಗಳ ಬೆನ್ನಿಗಿದ್ದವರು ಸರಕಾರವೂ ಅಲ್ಲ, ಒಬ್ಬ ಜಮೀನುದಾರನೂ ಅಲ್ಲ. ಕೂಡಿ ಕುಳಿತು ಯೋಚಿಸಿದ ಕೆಲವು ವಿದ್ಯಾವಂತ ಹಿರಿಯರು. 1920ರ ದಶಕದಲ್ಲಿ ನಿಜಾಮ ಸರಕಾರವು ಖಾಸಗಿ ಶಾಲೆ ತೆರೆಯಲು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ನಿಯಮ ತಂದಿತು. ಶಾಲೆ ನಡೆಸುವ ಸಮಿತಿಯೆಂದರೆ ಊರಿನ ಸ್ವಂತ ಧ್ವನಿ ಎಂಬುದು ಆಳುವವರಿಗೆ ಚೆನ್ನಾಗಿಯೇ ತಿಳಿದಿತ್ತು, ಅಲ್ಲವೇ?

ಆ ಸಮಿತಿಗಳ ತ್ಯಾಗದ ಬಗ್ಗೆ ಎರಡು ಮಾತಿಲ್ಲ. ಆದರೂ ಇಡೀ ಊರಿನ ಪರವಾಗಿ ಮಾತನಾಡುತ್ತಿದ್ದವರು ಊರಿನ ಹಿರಿಯರೇ ಹೊರತು ಬೆಂಚಿನ ಮೇಲೆ ಕುಳಿತ ಮಗುವಿನ ತಂದೆತಾಯಿ ಎಂಬ ಕಾರಣಕ್ಕೆ ಯಾರೂ ಅಲ್ಲಿ ಕೂರಲಿಲ್ಲ.

ಸ್ವಾತಂತ್ರ್ಯದ ನಂತರವೂ ಈ ಮಾದರಿಯೇ ಬೆಳೆಯಿತು. 1958ರಲ್ಲಿ ಮಹಾದೇವಪ್ಪ ರಾಂಪೂರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ನಮ್ಮ ಜನರು ಎಂಜಿನಿಯರಿಂಗ್, ವೈದ್ಯಕೀಯ ಓದಲು ದೂರದೂರಿಗೆ ಹೋಗಬೇಕಾಗಿದ್ದ ಕಷ್ಟವನ್ನು ತಪ್ಪಿಸಿದ ಸಂಸ್ಥೆಗಳಲ್ಲಿ ಅದು ಮೊದಲನೆಯದು. ಅದರ ಆಡಳಿತ ಮಂಡಳಿಯನ್ನು ಸಂಸ್ಥೆಯ ಸದಸ್ಯರು ಮತ ಹಾಕಿ ಆರಿಸುತ್ತಾರೆ. ಇನ್ನೊಂದು ಮಾದರಿ ಶರಣಬಸವೇಶ್ವರ ಸಂಸ್ಥಾನದ್ದು. ಪೀಠಾಧಿಪತಿಗಳಾಗಿದ್ದ ದೊಡ್ಡಪ್ಪ ಅಪ್ಪನವರು 1930ರ ದಶಕದಲ್ಲಿಯೇ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು; ಪೀಠವೇ ವಿದ್ಯಾಸಂಸ್ಥೆಗೂ ದಿಕ್ಕು ತೋರಿಸಿತು. ನಮ್ಮ ಧರ್ಮಪ್ರಾಂತದ ಶಾಲೆಗಳ ರಚನೆ ಬಹುಮಟ್ಟಿಗೆ ಈ ಎರಡನೆಯದಕ್ಕೆ ಹತ್ತಿರ. ಗುಲ್ಬರ್ಗಾ ಧರ್ಮಪ್ರಾಂತ ಸ್ಥಾಪನೆಯಾದದ್ದು 2005ರಲ್ಲಿ. ಸಾಮಾನ್ಯವಾಗಿ ಎಲ್ಲ ಧರ್ಮಪ್ರಾಂತಗಳಲ್ಲಿಯೂ ನೋಂದಾಯಿತ ಶಿಕ್ಷಣ ಸಂಸ್ಥೆಯೊಂದಿರುತ್ತದೆ. ಧರ್ಮಾಧ್ಯಕ್ಷರು ಅದರ ಅಧ್ಯಕ್ಷರು, ಗುರುಗಳೊಬ್ಬರು ಕಾರ್ಯದರ್ಶಿ. ಊರಿನ ಶಾಲೆಯ ವ್ಯವಸ್ಥಾಪಕರು ಆ ಧರ್ಮಕೇಂದ್ರದ ಗುರುಗಳು. ಎಷ್ಟೋ ಕಡೆ ಮುಖ್ಯೋಪಾಧ್ಯಾಯಿನಿ ಒಬ್ಬ ಧರ್ಮಭಗಿನಿ. ಶಿಸ್ತು, ಲೆಕ್ಕಪತ್ರ, ಮುಂದುವರಿಕೆ ಇವೆಲ್ಲಕ್ಕೂ ಇದು ಒಳ್ಳೆಯ ವ್ಯವಸ್ಥೆಯೇ. ಪಾಲಕರಿಗೆ ಅಲ್ಲಿ ದೊರೆಯುವುದು ಹೆಚ್ಚಾಗಿ ವರ್ಷಕ್ಕೊಮ್ಮೆ ನಡೆಯುವ ಸಭೆ ಮತ್ತು ಸಭೆಯ ಕೊನೆಗೊಂದು ಚಹಾ.

ಕುರ್ಚಿ ನಿಜವಾಗಿ ಕೈಬದಲಾದದ್ದು ಸರಕಾರಿ ಶಾಲೆಗಳಲ್ಲಿ. ಮೊದಲು ಗ್ರಾಮ ಶಿಕ್ಷಣ ಸಮಿತಿ ಮುಂತಾದ ಹೆಸರಿನ ಸಮಿತಿಗಳಿದ್ದವು. ಅವುಗಳಲ್ಲಿ ಊರ ಪ್ರಮುಖರದೇ ಕಾರುಬಾರು. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸ್ಸಿನ ಮೇರೆಗೆ ಕರ್ನಾಟಕ ಸರಕಾರವು 2001ರ ಏಪ್ರಿಲ್ ತಿಂಗಳಲ್ಲಿ ಒಂದು ಆದೇಶ ಹೊರಡಿಸಿತು. ಅದರಂತೆ ಪ್ರತಿಯೊಂದು ಸರಕಾರಿ ಪ್ರಾಥಮಿಕ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದಿತು. ಜನರ ಬಾಯಲ್ಲಿ ಅದು ಎಸ್‌ಡಿಎಂಸಿ. ಊರಿನ ದೊಡ್ಡವರನ್ನು ಬದಿಗಿಟ್ಟು, ಆ ಶಾಲೆಯಲ್ಲಿ ಓದುವ ಮಕ್ಕಳ ಪಾಲಕರೇ ತಮ್ಮೊಳಗಿನಿಂದ ಸದಸ್ಯರನ್ನು ಆರಿಸಬೇಕು, ಅಧ್ಯಕ್ಷರೂ ಅವರಲ್ಲಿಯೇ ಒಬ್ಬರಾಗಬೇಕು. ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಶಾಲೆಯ ಬ್ಯಾಂಕ್ ಖಾತೆ ಇಬ್ಬರ ಹೆಸರಿನಲ್ಲಿ. ಅಧ್ಯಕ್ಷರ ರುಜು ಬೀಳದೆ ಸುಣ್ಣಬಣ್ಣಕ್ಕೂ ಹಣ ತೆಗೆಯುವಂತಿಲ್ಲ. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಕೂಲಿ ಮಾಡುವವನೊಬ್ಬನ ಸಹಿ ಸರಕಾರಿ ಹಣದ ಚೆಕ್ಕಿಗೆ ಬೇಕಾಯಿತು ಎಂದರೆ ಇದು ಸಣ್ಣ ಬದಲಾವಣೆಯೇ? ನನ್ನ ದೃಷ್ಟಿಯಲ್ಲಿ ನಮ್ಮ ಭಾಗದ ಶಾಲೆಗಳ ಇತಿಹಾಸದಲ್ಲಿ 1907ರಷ್ಟೇ ದೊಡ್ಡ ವರ್ಷ 2001.

ಅದರ ಮರುವರ್ಷ ಇನ್ನೊಂದು ಘಟನೆ ನಡೆಯಿತು. 2002ರಲ್ಲಿ ಸರಕಾರವು ಮಧ್ಯಾಹ್ನದ ಬಿಸಿಯೂಟವನ್ನು ಮೊದಲು ಆರಂಭಿಸಿದ್ದು ನಮ್ಮದೂ ಸೇರಿದಂತೆ ಉತ್ತರದ ಹಿಂದುಳಿದ ಜಿಲ್ಲೆಗಳಲ್ಲಿ. ಅಕ್ಷರ ದಾಸೋಹ ಎಂಬ ಹೆಸರು ಮಹಾದಾಸೋಹಿ ಶರಣಬಸವೇಶ್ವರರ ಊರಿನವರಿಗೆ ಹೊಸದೆನಿಸಲಿಲ್ಲ. ಬೇಳೆಯಲ್ಲಿ ಹುಳು ಇದೆಯೇ, ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆಯೇ, ಅಡುಗೆಯಾಕೆ ಇಂಥ ಜಾತಿಯವಳೆಂದು ಯಾರಾದರೂ ತಟ್ಟೆ ತಳ್ಳುತ್ತಾರೆಯೇ ಎಂದು ನೋಡುವ ಹೊಣೆ ಈ ಸಮಿತಿಗಳ ಮೇಲೂ ಬಿತ್ತು.

ಇಲ್ಲಿ ನನಗೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ನೆನಪಾಗುತ್ತದೆ. ಜೆರುಸಲೇಮಿನ ಆದಿಕ್ರೈಸ್ತರಲ್ಲಿ ಎದ್ದ ಮೊದಲ ಗುಣುಗುಟ್ಟುವಿಕೆಯೂ ಊಟದ ವಿಷಯದಲ್ಲಿಯೇ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯಾಡುವ ವಿಧವೆಯರನ್ನು ಅಲಕ್ಷಿಸಲಾಗುತ್ತಿದೆ ಎಂಬ ದೂರು ಬಂದಿತು. ಪ್ರೇಷಿತರು ಸಮುದಾಯವನ್ನು ಕರೆದು ಏಳು ಮಂದಿಯನ್ನು ಆರಿಸಲು ಹೇಳಿದರು. ಸ್ತೇಫನ, ಫಿಲಿಪ್ ಮೊದಲಾದ ಆ ಏಳೂ ಹೆಸರುಗಳನ್ನು ಒಮ್ಮೆ ಗಮನವಿಟ್ಟು ಓದಿ: ಎಲ್ಲವೂ ಗ್ರೀಕ್ ಹೆಸರುಗಳು. ದೂರು ಯಾರದಿತ್ತೋ ಆ ಕಡೆಯವರ ಕೈಗೇ ಸೌಟನ್ನು ಕೊಟ್ಟಂತಾಯಿತು.

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಪಾಲಕರ ಈ ಸ್ಥಾನ ದೇಶಕ್ಕೆಲ್ಲ ಕಾನೂನಾಯಿತು. ಕಾಯಿದೆಯ 21ನೆಯ ವಿಧಿಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕು. ದುರ್ಬಲ ವರ್ಗದ ಮಕ್ಕಳ ತಂದೆತಾಯಿಗಳಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕೆಲಸಕಾರ್ಯಗಳನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಅದರ ಕರ್ತವ್ಯಗಳು. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ ವಿಧಿ ಅನ್ವಯಿಸುವುದಿಲ್ಲ.

ನಮ್ಮ ಶಾಲೆಗಳಿಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸುವ, ನಡೆಸುವ ಹಕ್ಕು ಕೊಟ್ಟಿದೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಾಧೀಶರ ಪೀಠವು 2002ರಲ್ಲಿ, ಆಡಳಿತ ಮಂಡಳಿಯನ್ನು ರಚಿಸಿಕೊಳ್ಳುವುದೂ ಸಂಸ್ಥೆ ನಡೆಸುವ ಹಕ್ಕಿನ ಭಾಗ ಎಂದಿತು. 2012ರ ತಿದ್ದುಪಡಿಯು ಅಲ್ಪಸಂಖ್ಯಾತ ಶಾಲೆಗಳ ಪಾಲಕರ ಸಮಿತಿಯನ್ನು ಕೇವಲ ಸಲಹಾ ಸಮಿತಿಯನ್ನಾಗಿಸಿತು. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನುದಾನಿತವಿರಲಿ ಇಲ್ಲದಿರಲಿ, ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯಿದೆಯೇ ಅನ್ವಯಿಸದು ಎಂದು ತೀರ್ಪಿತ್ತಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಾಧೀಶರ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠದ ಪರಿಶೀಲನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

30ನೆಯ ವಿಧಿ ಅಮೂಲ್ಯವಾದುದು, ಅದನ್ನು ಕಾಪಾಡಿಕೊಳ್ಳಬೇಕು. ಆದರೆ ಸರಕಾರದ ಕೈ ನಮ್ಮ ಮಂಡಳಿಗೆ ತಾಗಬಾರದೆಂಬುದು ಒಂದು ಮಾತು, ಪಾಲಕರ ಕೈ ತಾಗಬಾರದೆಂಬುದು ಬೇರೆಯೇ ಮಾತು. ಮೊದಲನೆಯದನ್ನು ಸಂವಿಧಾನ ಹೇಳುತ್ತದೆ. ಎರಡನೆಯದನ್ನು ಸಂವಿಧಾನವೂ ಹೇಳಿಲ್ಲ, ಧರ್ಮಸಭೆಯೂ ಹೇಳಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆ ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರೆಂದು ಕರೆದದ್ದು ತಂದೆತಾಯಿಗಳನ್ನು, ಗುರುಗಳನ್ನಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 796ನೆಯ ವಿಧಿಯು ಶಿಕ್ಷಕರು ಪಾಲಕರೊಡನೆ ನಿಕಟವಾಗಿ ಸಹಕರಿಸಬೇಕು, ಅವರ ಮಾತನ್ನು ಮನಃಪೂರ್ವಕವಾಗಿ ಆಲಿಸಬೇಕು, ಪಾಲಕರ ಸಂಘಗಳನ್ನು ರಚಿಸಿ ಗೌರವಿಸಬೇಕು ಎನ್ನುತ್ತದೆ. ದೆಹಲಿಯ ಕಾಯಿದೆಯಿಂದ ನಮಗೆ ವಿನಾಯಿತಿ ಸಿಕ್ಕಿದೆ. ಈ ಸಂಹಿತೆಯಿಂದ ವಿನಾಯಿತಿ ಕೊಟ್ಟವರು ಯಾರೂ ಇಲ್ಲ.

ಸರಕಾರಿ ಸಮಿತಿಗಳೆಲ್ಲ ಆದರ್ಶವಾಗಿ ನಡೆಯುತ್ತಿವೆ ಎಂದು ನಾನು ಹೇಳಲಾರೆ. ಹೆಂಡತಿಯ ಹೆಸರಿನಲ್ಲಿ ಗಂಡ ಬಂದು ಕೂರುವುದುಂಟು. ನಡಾವಳಿ ಪುಸ್ತಕ ಮನೆಮನೆಗೆ ತಿರುಗಿ ಸಹಿ ಕೂಡಿಸುವುದುಂಟು. ಚುನಾವಣೆಯೆಂದರೆ ಪಕ್ಷದವರ ಪೈಪೋಟಿಯಾಗುವುದುಂಟು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75.36 ಇದ್ದಾಗ ನಮ್ಮ ಜಿಲ್ಲೆಯದು 64.85. ಓದು ಬಾರದ ತಾಯಿಯ ಮುಂದೆ ಲೆಕ್ಕದ ಪುಸ್ತಕವನ್ನಿಟ್ಟು ಬೆರಳು ತೋರಿಸಿದರೆ ಅದು ಮೇಲುಸ್ತುವಾರಿಯಾಗುವುದಿಲ್ಲ. ಲೆಕ್ಕವನ್ನು ಓದಿ ಹೇಳಬೇಕು. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಆಕೆಗೆ ಅಂದಿನ ಕೂಲಿ ಹೋಯಿತು. ಸಂಜೆ ಕರೆದರೆ ಶಿಕ್ಷಕರ ಬಸ್ಸು ತಪ್ಪುತ್ತದೆ. ಹೀಗೆ ನೋಡಲು ಚಿಕ್ಕ ಸಂಗತಿಗಳೇ ಯಾರ ಧ್ವನಿ ಕೇಳಬೇಕೆಂಬುದನ್ನು ತೀರ್ಮಾನಿಸಿಬಿಡುತ್ತವೆ. ನಿಮ್ಮ ಮಗುವಿನ ಶಾಲೆಯ ಸಭೆ ಯಾವ ಹೊತ್ತಿಗೆ ನಡೆಯುತ್ತದೆ, ಆ ಹೊತ್ತಿನಲ್ಲಿ ಬರಲಾಗದವರು ಯಾರು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿರಿ.

ಕೇಂದ್ರ ಸರಕಾರದ 2010ರ ನಿಯಮಗಳಲ್ಲಿ ಶಾಲಾ ಅಭಿವೃದ್ಧಿ ಯೋಜನೆಯ ಬಗ್ಗೆ ಒಂದು ಸೂಚನೆಯಿದೆ. ಯೋಜನೆ ಮೂರು ವರ್ಷಗಳದ್ದಾಗಿರಬೇಕು, ಆರ್ಥಿಕ ವರ್ಷ ಮುಗಿಯುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಸಿದ್ಧವಾಗಬೇಕು. ಎಷ್ಟು ಮಕ್ಕಳು ಬರುತ್ತಾರೆ, ಎಷ್ಟು ಶಿಕ್ಷಕರು ಬೇಕು, ಕೋಣೆ ಎಷ್ಟು, ಹಣ ಎಷ್ಟು ಎಂಬುದೆಲ್ಲ ಅದರಲ್ಲಿ ಬರೆಯಬೇಕು. ಎಂದರೆ ಡಿಸೆಂಬರ್ 31ರೊಳಗೆ. ಕಮಲಾಪುರದ ಹೊಲಗಳಲ್ಲಿ ತೊಗರಿಯ ಕಟಾವು ನಡೆಯುವುದು ಆ ದಿನಗಳಲ್ಲಿಯೇ. ತಾಂಡಾಗಳ ಎಷ್ಟೋ ಕುಟುಂಬಗಳು ಅಷ್ಟರಲ್ಲಿ ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿರುತ್ತವೆ, ಕೆಲವರು ಮಕ್ಕಳನ್ನೂ ಜೊತೆಗೆ ಕರೆದುಕೊಂಡು.