ಗುಡ್ಡೆಯ ಮಣ್ಣಿನಡಿಯ ಚರಿತ್ರೆ



ಫಲ್ಗುಣಿ ಹೊಳೆಯ ಬದಿಯವರಾದ ನಮಗೆ ಚರಿತ್ರೆ ಅಂದರೆ ಕಣ್ಣಿಗೆ ಕಾಣುವಂಥದ್ದು. 1604ರಲ್ಲಿ ತಿಮ್ಮಣ್ಣ ಅಜಿಲರು ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕೆಳಗೆ ಪೊಳಲಿಯಲ್ಲಿ ರಾಜರಾಜೇಶ್ವರಿಯ ಮಣ್ಣಿನ ಮೂರ್ತಿ. ಇವೆಲ್ಲಕ್ಕಿಂತ ಎಷ್ಟೋ ಹಿಂದಿನ ಜನರ ಗುರುತು ಮೂಡುಬಿದಿರೆ ಹತ್ತಿರ ಮೂಡುಕೊಣಾಜೆಯ ಪಾದೆಗುಡ್ಡೆಯಲ್ಲಿ ಇದೆ ಅಂತ ನಮ್ಮಲ್ಲೇ ಹಲವರಿಗೆ ಗೊತ್ತಿಲ್ಲ.

1980ರ ದಶಕದಲ್ಲಿ ಇತಿಹಾಸಕಾರರಾದ ಡಾ. ಪುಂಡಿಕಾಯಿ ಗಣಪಯ್ಯ ಭಟ್ಟರು ಇದನ್ನು ಬೆಳಕಿಗೆ ತಂದರು. ಗುಡ್ಡೆಯ ಇಳಿಜಾರಿನಲ್ಲಿ ಒಂಬತ್ತು ಕಲ್ಮನೆಗಳು. ಚಪ್ಪಡಿಗಳನ್ನು ಸುತ್ತ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ ಸಮಾಧಿಗಳಿವು. ಕಬ್ಬಿಣ ಬಳಸಲು ಕಲಿತ ಕಾಲದ ಜನ ಸತ್ತವರಿಗಾಗಿ ಕಟ್ಟಿದ್ದು. ಬೇರೆ ಕಡೆ ಇಂಥವನ್ನು ಪಾಂಡವರ ಮನೆ ಅನ್ನುತ್ತಾರೆ. (ಯಾರು ಕಟ್ಟಿದ್ದೆಂದು ತಿಳಿಯದಿದ್ದರೆ ಪಾಂಡವರ ಹೆಸರಿಗೆ ಬರೆದು ಬಿಡುವುದು ನಮ್ಮವರ ವಾಡಿಕೆ.) ಒಂಬತ್ತರಲ್ಲಿ ಸರಿಯಾಗಿ ಉಳಿದದ್ದು ಎರಡೇ.

2023ರಲ್ಲಿ ಶಿರ್ವ ಕಾಲೇಜಿನ ನಿವೃತ್ತ ಪ್ರಾಧ್ಯಾಪಕ ಟಿ. ಮುರುಗೇಶಿಯವರಿಗೆ ಇಲ್ಲಿ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕಿದವು. ಒಟ್ಟು ಎಂಟು. ಎರಡು ಗೋವು, ಎರಡು ನವಿಲು, ಒಂದು ಕುದುರೆ, ಒಂದು ಮಾತೃದೇವತೆ, ಇನ್ನೊಂದು ಮಾತೃದೇವತೆಯ ಕೈ ಮಾತ್ರ, ಮತ್ತೊಂದು ಏನೆಂದು ತಿಳಿಯದ ವಸ್ತು. ಕ್ರಿ.ಪೂ. 800-700ರವು ಎಂದು ಅವರ ಅಂದಾಜು. ಗೋವುಗಳಲ್ಲಿ ಒಂದಕ್ಕೆ ಮನುಷ್ಯನ ದೇಹ, ಎತ್ತಿನ ತಲೆ! ದೈವಸ್ಥಾನದ ಉರುಗಳನ್ನು ಕಂಡ ನಮಗೆ ಇದು ಪೂರಾ ಹೊಸತೆಂದು ಅನ್ನಿಸಲಿಕ್ಕಿಲ್ಲ. ಭೂತಾರಾಧನೆಯ ಬೇರು ಹುಡುಕಲು ಇವು ಸಹಾಯ ಎಂದು ಅವರೂ ಹೇಳಿದ್ದಾರೆ. ಅಷ್ಟು ಉದ್ದದ ಕಾಲವನ್ನು ಒಂದೇ ನೆಗೆತಕ್ಕೆ ದಾಟುವುದು ನನಗೆ ಸ್ವಲ್ಪ ಜಾಸ್ತಿಯೇ ಕಾಣುತ್ತದೆ. ಆದರೆ ದನ ಸಾಕಿ, ಡಿಪೋಗೆ ಹಾಲು ಹಾಕಿ ಜೀವನ ಮಾಡುವ ನಮಗೆ, ಅಂದಿನವರೂ ಸತ್ತವರ ಜೊತೆ ಗೋವಿನ ಗೊಂಬೆ ಇಟ್ಟರು ಅಂದರೆ ಅದು ಸಣ್ಣ ಮಾತಲ್ಲ.

ಇಂಥ ಜಾಗಗಳಿಗೆ ದೊಡ್ಡ ಶತ್ರು ನಿಧಿಯಾಸೆ. ಈ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ಕಬ್ಬಿಣದ ಸಾಮಾನು, ಮೂಳೆ. ರಾತ್ರಿ ಹಾರೆ ಪಿಕ್ಕಾಸು ಹಿಡಿದು ಹೋಗುವವನಿಗೆ ಸಿಗುವುದು ಬೆವರು ಮಾತ್ರ. ಅದರ ಮೇಲೆ ಕಲ್ಲುಕೋರೆ, ರಬ್ಬರು, ಜೇಸಿಬಿ. ಯಾವ ವಸ್ತು ಎಷ್ಟು ಆಳದಲ್ಲಿ, ಯಾವುದರ ಪಕ್ಕ ಇತ್ತು ಎಂಬುದರಿಂದಲೇ ತಿಳಿದವರು ಕಾಲ ಹೇಳುವುದು. ಮಣ್ಣು ಒಮ್ಮೆ ಮಗುಚಿದರೆ ಆ ಲೆಕ್ಕ ತಪ್ಪಿತು.

ಗುಡ್ಡೆ ಸಮತಟ್ಟು ಮಾಡಿಸುವ ಮೊದಲು ಒಮ್ಮೆ ನಡೆದು ನೋಡಿ. ನಿಲ್ಲಿಸಿದ ಚಪ್ಪಡಿ, ಮುರಕಲ್ಲಿನಲ್ಲಿ ಗುಂಡಗೆ ಕಡಿದ ಬಾಯಿ, ಕಪ್ಪು-ಕೆಂಪು ಮಡಕೆ ಚೂರು ಕಂಡರೆ ಕೆಲಸ ನಿಲ್ಲಿಸಿ ಪಂಚಾಯತಿಗೆ ತಿಳಿಸಿ. ಸಂಘದ ಆಫೀಸಿಗೆ ಹೇಳಿದರೂ ಆದೀತು, ನಾವು ನಿರ್ದೇಶಕರು ಇಲಾಖೆಗೆ ಪತ್ರ ಬರೆಯುತ್ತೇವೆ.