ತೊಟ್ಟಿಯ ಬೆಳಕು

ಶಿವಮೊಗ್ಗದ ಕೋಟೆಯ ಬಳಿ ಇರುವ ನಮ್ಮ ಹಿರಿಯರ ಮನೆಯ ನಡುಮನೆಯಲ್ಲಿ ಹಾಡುಹಗಲೇ ದೀಪ ಹಚ್ಚಬೇಕಾಗಿತ್ತು. ಕತ್ತಲಲ್ಲಿ ಹೊಸ್ತಿಲು ಎಡವಿ ಅಮ್ಮ ಬಿದ್ದ ಮೇಲೆ, ಕೆಡವಿ ಹೊಸದು ಕಟ್ಟುವುದೇ ಮೇಲೆಂದು ಮಕ್ಕಳು ಹೇಳಿದರು. ಕೆಡಹುವ ಮುನ್ನ, ಈ ಕತ್ತಲೆ ಎಲ್ಲಿಂದ ಬಂತೆಂದು ವಿಚಾರಿಸುವುದು ಲೇಸೆನಿಸಿತು.

ಮಲೆನಾಡಿನ ಹೆಬ್ಬಾಗಿಲಾದ ಈ ಊರಿನಲ್ಲಿ ಮಣ್ಣಿನ ಗೋಡೆಗೆ ಮುಂಗಾರಿನ ಇರಚಲೇ ಶತ್ರು. ಆದುದರಿಂದ ಹಿರಿಯರು ಸೂರನ್ನು ತಗ್ಗಿಸಿದರು, ಕಿಟಕಿಗಳನ್ನು ಕಿರಿದಾಗಿಸಿದರು. ಹಾಗೆಂದು ಅವರಿಗೆ ಬೆಳಕು ಬೇಡವಾಗಿತ್ತೆನ್ನಬಾರದು. ಬೀದಿಯಲ್ಲಿ ತಡೆದ ಬೆಳಕನ್ನು ನಡುವಿನ ತೊಟ್ಟಿಯಲ್ಲಿ ನೇರ ಆಕಾಶದಿಂದಲೇ ಇಳಿಸಿಕೊಂಡರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಂದೆ ಮಂಗಳೂರು ಹೆಂಚು ಮನೆಮನೆಗೂ ಬಂತು. ಅದೇ ಅಳತೆಯ ಗಾಜಿನ ಹೆಂಚು ಅಡಿಗೆಮನೆಯ ಹೊಗೆಯೊಳಕ್ಕೂ ಬಿಸಿಲುಕೋಲನ್ನು ಇಳಿಸಿತು.

ಹಾಗಾದರೆ ನಮ್ಮ ಮನೆಗೆ ಕತ್ತಲೆ ತಂದವರಾರು? ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ಮುಂದೆ ನಮ್ಮಜ್ಜ ರೈಲಿನಲ್ಲಿ ದಿನವೂ ಅಲ್ಲಿಗೆ ಕೆಲಸಕ್ಕೆ ಹೋಗಿಬರುತ್ತಿದ್ದರು. ಸಂಬಳ ಬಂತು, ಸಂಸಾರವೂ ಬೆಳೆಯಿತು. ತೊಟ್ಟಿಗೆ ತಗಡು ಹೊದಿಸಿ ಎರಡು ಕೋಣೆ ಕಟ್ಟಿಸಿದರು. ಅವರದು ತಪ್ಪೆನ್ನಲಾರೆ, ಮಲಗಲು ಜಾಗ ಬೇಕಿತ್ತು. ಆದರೆ ನಾವು 'ಹಳೆಯ ಕಾಲದ ಕತ್ತಲೆ' ಎಂದು ಜರೆಯುತ್ತಿದ್ದುದು ಹೊಸ ಕಾಲದ್ದೇ ಆಗಿತ್ತು!

ಮನೆಯನ್ನು ಕೆಡವಲಿಲ್ಲ. ತಗಡು ತೆಗೆಸಿ, ಕೋಣೆಗಳನ್ನು ಬಿಚ್ಚಿಸಿ, ತೊಟ್ಟಿಯ ಮೇಲೆ ಕಬ್ಬಿಣದ ಸರಳು ಹಾಕಿಸಿದೆ. ಹೂತುಹೋಗಿದ್ದ ಮೋರಿಯನ್ನೂ ಬಿಡಿಸಿದೆ. ಈಗ ಅಮ್ಮ ತೊಟ್ಟಿಯ ಅಂಚಿನಲ್ಲಿ ಕುಳಿತು, ದೀಪದ ಹಂಗಿಲ್ಲದೆ ಅಕ್ಕಿ ಆರಿಸುತ್ತಾರೆ.