ಹಟ್ಟಿ ಗುಂಡಿ, ಸಮುದ್ರದ ಕಂಬ (ಭಾಗ 4)

ಹಟ್ಟಿ ಚಿನ್ನದ ಗಣಿ ನಮ್ಮ ಲಿಂಗಸುಗೂರು ತಾಲೂಕಿನದು, ಗೊತ್ತಿರೋದೇ. ಆದ್ರೆ ಅದು ಶುರುವಾಗಿದ್ದು ಯಾರೋ ಬಿಟ್ಟು ಹೋದ ಹಳೇ ಗುಂಡಿಗಳ ಮೇಲೆ. ಸುಮಾರು 2000 ವರ್ಷದ ಹಿಂದೆನೇ ಜನ ಬಂಡೆಗೆ ಬೆಂಕಿ ಹಚ್ಚಿ ಸೀಳ್ತಾ 600 ಅಡಿಗೂ ಹೆಚ್ಚು ಆಳ ಇಳಿದಿದ್ರು! 19ನೇ ಶತಮಾನದ ಕೊನೆಗೆ ಬ್ರಿಟಿಷ್ ಕಂಪನಿ ಆ ಗುಂಡಿಗಳ ಜಾಡು ಹಿಡಿದೇ ಬಂತು, 1920ರ ಹೊತ್ತಿಗೆ ಬಿಟ್ಟು ಹೋಯ್ತು. ಈಗಿನ ಕಂಪನಿ ಹುಟ್ಟಿದ್ದು 1947ರಲ್ಲಿ.

ಬಿಟ್ಟಿದ್ದು ಮತ್ತೆ ಕೆಲಸಕ್ಕೆ ಬಂದ ಇನ್ನೊಂದು ಕಥೆ ಸಮುದ್ರದ್ದು. ಮೆಕ್ಸಿಕೊ ಕೊಲ್ಲಿಯಲ್ಲಿ ಎಣ್ಣೆ ಬಾವಿ ಬತ್ತಿದ ಮೇಲೆ ಅದರ ಉಕ್ಕಿನ ಅಟ್ಟಣಿಗೆ ಕಿತ್ತು ದಡಕ್ಕೆ ತರಬೇಕು, ಅಮೆರಿಕದ ನಿಯಮ. ಕೋಟಿಗಟ್ಟಲೆ ಖರ್ಚು. ನಮ್ಮ ಅಕೌಂಟ್ಸ್ ಪುಸ್ತಕದಾಗ ಸ್ಕ್ರ್ಯಾಪ್ ಅಂದ್ರೆ ದುಡ್ಡು ಬರೋದು, ಇಲ್ಲಿ ಉಲ್ಟಾ! ಅಷ್ಟರೊಳಗ ಅದರ ಕಾಲಿಗೆ ಚಿಪ್ಪು, ಹವಳ ಅಂಟಿ, ಮೀನು ಮನೆ ಮಾಡಿರ್ತಾವ. 1986ರಲ್ಲಿ ಲೂಯಿಸಿಯಾನ ರಾಜ್ಯ ದಾರಿ ಹುಡುಕ್ತು: ಬಾವಿ ಭದ್ರವಾಗಿ ಮುಚ್ರಿ, ಕಂಬ ಸಮುದ್ರದಾಗೇ ಬಿಡ್ರಿ, ಉಳಿದ ಖರ್ಚಿನಾಗ ಅರ್ಧ ನಮಗ ಕೊಡ್ರಿ. ಆ ಕೊಲ್ಲಿಯಲ್ಲಿ 500ಕ್ಕೂ ಹೆಚ್ಚು ಅಟ್ಟಣಿಗೆ ಹಿಂಗ ಮೀನಿನ ಕೃತಕ ರೀಫ್ ಆಗ್ಯಾವ. (ಯುರೋಪಿನ ದೇಶಗಳು 1998ರಲ್ಲಿ ಇದಕ್ಕೆ ಬಹುತೇಕ ಬಾಗಿಲು ಹಾಕಿದ್ವು.)

ನನಗ ಆ ‘ಅರ್ಧ ಕೊಡ್ರಿ’ ಅನ್ನೋ ಶರತ್ತೇ ಮುಖ್ಯ ಅನ್ನಿಸ್ತು. ಕೆಜಿಎಫ್ ನೋಡ್ರಿ. ಅಲ್ಲಿನ ಒಂದು ಗಣಿ ಹೆಸರೂ ಚಾಂಪಿಯನ್ ರೀಫ್. ಗಣಿಯವರ ಬಾಯಲ್ಲಿ ರೀಫ್ ಅಂದ್ರೆ ಚಿನ್ನದ ಎಳೆ. 2001ರಲ್ಲಿ ಗಣಿ ಮುಚ್ಚಿತು, ಸೈನೈಡ್ ಮಣ್ಣಿನ ದಿಬ್ಬ ಊರಾಗೇ ಉಳಿದವು. ಗಾಳಿ ಬಿಟ್ರೆ ಧೂಳು ಮನೆ ಒಳಗ.

ಹಟ್ಟಿ ಇನ್ನೂ ನಡೀತಿದೆ. ಅಲ್ಲೂ ದಿಬ್ಬ ಐತಿ, ಮೂರನೇ ಫೋಟೊ ಅದರದ್ದೇ.